ಕಿವಿ ಎರ್ರಪ್ಪನ ಗಾಳಿ ಪರೀಕ್ಷೆ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎರ್ರಪ್ಪನ ಗ್ಯಾರೇಜು ಎಲ್ಲಿ ಎಂದು ಕೇಳಿದರೆ, ಯಾವ ಎರ್ರಪ್ಪ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಿದ್ದರು. ಕಿವಿ ಎರ್ರಪ್ಪ ಎಂದರೆ ಸಾಕು, ಕೂತವರು ಎದ್ದು ಬಂದು ದಾರಿ ತೋರಿಸುತ್ತಿದ್ದರು. ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಚಿಂತಾಮಣಿ ರಸ್ತೆಯಲ್ಲಿ ಅವನದಕ್ಕಿಂತ ದೊಡ್ಡ ಗ್ಯಾರೇಜುಗಳು ಬಂದಿದ್ದವು, ಬೋರ್ಡಿಗೆ ಬಣ್ಣದ ಲೈಟು ಹಾಕಿಸಿದವರೂ ಇದ್ದರು. ಎರ್ರಪ್ಪನಿಗೆ ಬೋರ್ಡೇ ಇರಲಿಲ್ಲ. ಒಂದು ಹೊಂಗೆಮರ, ಅದರ ಕೆಳಗೊಂದು ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಆಯಿಲ್ ಕುಡಿದು ಕಪ್ಪಾದ ನೆಲ, ಅಷ್ಟೆ. ಬೋರ್ಡು ಯಾಕೆ, ತಲೆಯ ಎರಡೂ ಕಡೆ ದೇವರೇ ನೇತುಹಾಕಿ ಕಳಿಸಿದ್ದಾನಲ್ಲ ಎಂದು ಕಿವಿ ಮುಟ್ಟಿ ತೋರಿಸುತ್ತಿದ್ದ. ಜಂಭಕ್ಕೇನೂ ಬರವಿರಲಿಲ್ಲ.

ಹಾಗೆಂದು ಅದು ಬರೀ ಜಂಭವೂ ಅಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಗಾಡಿಯವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಒಳಗೆ ಯಾವ ಬೇರಿಂಗು ಅಳುತ್ತಿದೆ, ಯಾವ ವಾಲ್ವು ಗೊಣಗುತ್ತಿದೆ ಎಲ್ಲ ಹೇಳಿಬಿಡುತ್ತಿದ್ದ. ಗೌರಿಬಿದನೂರಿನ ಕಡೆಯ ಜೀಪೊಂದು ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ, "ಫ್ಯಾನ್ ಬೆಲ್ಟು ಸವೆದಿದೆ, ಬಂದು ಇಲ್ಲೇ ನಿಲ್ತಾನೆ ನೋಡು" ಎಂದಿದ್ದನಂತೆ. ಜೀಪು ಬಂದು ಅಲ್ಲೇ ನಿಂತಿತಂತೆ. ಇದಕ್ಕೆ ಪಕ್ಕದ ಪಂಕ್ಚರ್ ಅಂಗಡಿಯ ಮುರಳಿಮೋಹನನೇ ಸಾಕ್ಷಿ. ಜೀಪಿನವನು ಅಲ್ಲಿ ನಿಂತದ್ದು ಟೀ ಕುಡಿಯುವುದಕ್ಕೆ ಎಂದು ಹೇಳುವ ಹೊಟ್ಟೆಕಿಚ್ಚಿನವರೂ ಇದ್ದರು, ಅದು ಬೇರೆ ಮಾತು.

ಅಂಥ ಕಿವಿಗೆ ಯಾವಾಗ ಕೇಡು ಬಂತೋ ಅವನಿಗೇ ಗೊತ್ತಾಗಲಿಲ್ಲ. ಮೊದಮೊದಲು ಗಾಡಿಗಳೇ ಸುಧಾರಿಸುತ್ತಿವೆ ಎಂದುಕೊಂಡ. "ಈಗಿನ ಎಂಜಿನ್ನು ನೋಡಪ್ಪಾ, ಬೆಣ್ಣೆ ಇದ್ದಂಗೆ, ಸದ್ದೇ ಇಲ್ಲ" ಎಂದು ಮುರಳಿಮೋಹನನ ಮುಂದೆ ಹೊಗಳಿದ. ಆ ಎಂಜಿನ್ನಿನ ಸದ್ದಿಗೆ ಎದುರಿನ ಟೀ ಅಂಗಡಿಯ ಗಾಜಿನ ಲೋಟಗಳು ಗಲಗಲ ನಡುಗುತ್ತಿದ್ದವು. ಮುರಳಿಮೋಹನ ಲೋಟಗಳನ್ನು ನೋಡಿದ, ಎರ್ರಪ್ಪನನ್ನು ನೋಡಿದ, ಸುಮ್ಮನಾದ. ಆಮೇಲೊಂದು ದಿನ ಎರ್ರಪ್ಪ ಆಗಲೇ ಸ್ಟಾರ್ಟ್ ಆಗಿದ್ದ ಗಾಡಿಗೆ ಮತ್ತೆ ಚಾವಿ ತಿರುಗಿಸಿದ. ಒಳಗೆ ಅದು ಕಟಕಟ ಹಲ್ಲು ಕಡಿದದ್ದು ಕೈಗೆ ತಿಳಿಯಿತು, ಕಿವಿಗೆ ತಿಳಿಯಲಿಲ್ಲ.

ಗ್ಯಾಸ್ಕೆಟ್ ತರಬೇಕೆಂದು ಹೆಂಡತಿಗೆ ಸುಳ್ಳು ಹೇಳಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಕಿವಿಯ ಡಾಕ್ಟರನ್ನು ಕಂಡ. ಅವರು ಎರಡೂ ಕಿವಿಗೆ ದೀಪ ಹಿಡಿದು ನೋಡಿ, "ಇಷ್ಟು ವರ್ಷ ಸೈಲೆನ್ಸರ್ ಪಕ್ಕದಲ್ಲೇ ಕೂತಿದ್ದೀರಲ್ಲ ಯಜಮಾನ್ರೇ, ಇನ್ನೇನಾಗುತ್ತೆ? ಮಿಷನ್ ಹಾಕ್ಕೊಳ್ಳಿ, ಚೆನ್ನಾಗಿ ಕೇಳಿಸುತ್ತೆ" ಎಂದು ಕೂಗಿ ಹೇಳಿದರು. ಎರ್ರಪ್ಪ ತಲೆಯಾಡಿಸಿ ಹೊರಬಂದ. ಕಿವಿ ಎರ್ರಪ್ಪ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಗಿರಾಕಿಗಳ ಮುಂದೆ ಕೂರುವುದೇ? ಅದಕ್ಕಿಂತ ಶೆಡ್ಡಿಗೆ ಬೀಗ ಜಡಿದು ಮೇಲೂರಿನ ಹಿಪ್ಪುನೇರಳೆ ತೋಟಕ್ಕೆ ಕೂಲಿಗೆ ಹೋಗುವುದು ವಾಸಿ. ಜನ ಬರುವುದೇ ಈ ಕಿವಿಯನ್ನು ನಂಬಿ. ಅದು ಹೋಯಿತೆಂದು ಗೊತ್ತಾದ ದಿನ ಹೆಸರೂ ಹೋಯಿತು, ಅನ್ನವೂ ಹೋಯಿತು. ಒಂದು ನರಪಿಳ್ಳೆಗೂ ಸುಳಿವು ಸಿಗಬಾರದು ಎಂದು ಬಸ್ಸಿನಲ್ಲೇ ತೀರ್ಮಾನವಾಯಿತು. ಸುಳ್ಳು ಪೂರ್ತಿಯಾಗಲಿ ಎಂದು ಬೇಡದ ಗ್ಯಾಸ್ಕೆಟ್ಟೊಂದನ್ನೂ ಕೊಂಡು ತಂದ.

ಅದಾದ ಮೇಲೆಯೇ ಅವನು ಗಾಳಿ ಪರೀಕ್ಷೆ ಎಂಬ ಹೊಸ ವಿದ್ಯೆ ಹಿಡಿದದ್ದು. ಬೆಂಗಳೂರಿನಿಂದ ಎರಡು ಮೀಟರು ತಂದ. ಹಳೆಯ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು ಅದಕ್ಕೆ ರಬ್ಬರ್ ಪೈಪು ಜೋಡಿಸಿದ. ಮುರಳಿಮೋಹನನ ಕಂಪ್ರೆಸರಿನಿಂದ ಗಾಳಿ ಎಳೆದ. ಕೆಲಸ ಇಷ್ಟೆ: ಸಿಲಿಂಡರಿನ ಪ್ಲಗ್ ಬಿಚ್ಚಿ, ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿಗೆ ಈ ಪೈಪು ತಿರುಗಿಸಿ ಒಳಕ್ಕೆ ಗಾಳಿ ಬಿಡುವುದು. ಎಷ್ಟು ಗಾಳಿ ಕೊಟ್ಟೆವೆಂದು ಎಡಗಡೆಯ ಮೀಟರು ಹೇಳುತ್ತದೆ, ಎಷ್ಟು ನಿಂತಿತೆಂದು ಬಲಗಡೆಯದು. ಎರಡು ಮುಳ್ಳೂ ಹೆಚ್ಚುಕಡಿಮೆ ಒಂದೇ ಕಡೆ ನಿಂತರೆ ಸಿಲಿಂಡರು ಗಟ್ಟಿ. ಬಲಗಡೆಯ ಮುಳ್ಳು ಬಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ.

ಎಲ್ಲಿ ಎಂದು ಹುಡುಕುವುದಕ್ಕೆ ಮಾತ್ರ ಕಿವಿ ಬೇಕು. ಸೈಲೆನ್ಸರಿನಲ್ಲಿ ಉಸ್ಸೆಂದರೆ ಹೊಗೆ ಬಿಡುವ ವಾಲ್ವು ಹೋಗಿದೆ. ಕಾರ್ಬುರೇಟರಿನಲ್ಲಿ ಉಸ್ಸೆಂದರೆ ಪೆಟ್ರೋಲು ಎಳೆಯುವ ವಾಲ್ವು. ಆಯಿಲ್ ಹಾಕುವ ಬಾಯಲ್ಲಾದರೆ ಪಿಸ್ಟನ್ನಿನ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು, ಅದಕ್ಕೆ ಕಣ್ಣೇ ಸಾಕು. ಉಳಿದ ಮೂರು ಕಡೆಗೆ ಏನು ಮಾಡುವುದು? ಇಲ್ಲಿ ನೋಡಿ ಎರ್ರಪ್ಪನ ತಲೆ ಓಡಿದ್ದು. ಮನೆಯಲ್ಲಿ ಹೆಂಡತಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಅದರಲ್ಲಿ ಒಂದೆಳೆ ತಂದು ಬೆರಳಿನಿಂದ ಇಳಿಬಿಟ್ಟು ಸೈಲೆನ್ಸರಿನ ಬಾಯಿಗೆ ಹಿಡಿದ. ಇರುವೆ ಉಸಿರುಬಿಟ್ಟರೂ ಅಲುಗುವ ಎಳೆ. ಗಾಳಿ ಸೋರಿದರೆ ಅದು ತೇಲುತ್ತಿತ್ತು, ಇಲ್ಲದಿದ್ದರೆ ಸುಮ್ಮನೆ ತೂಗುತ್ತಿತ್ತು. "ಕಿವಿ ಕಾಲ ಹೋಯ್ತು ಕಣ್ರಪ್ಪ, ಇದು ಸೈನ್ಸು" ಎಂದು ಎರ್ರಪ್ಪ ಭಾಷಣ ಬಿಗಿದ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡಿದರು. ಚಿಂತಾಮಣಿಯ ಇಬ್ಬರು ಮೆಕ್ಯಾನಿಕ್ಕುಗಳು ಬಂದು ಕಲಿತುಕೊಂಡು ಹೋಗಿ, ಪಾಪ, ಒಳ್ಳೆಯ ಕಿವಿ ಇಟ್ಟುಕೊಂಡೂ ರೇಷ್ಮೆ ಎಳೆ ಹಿಡಿದು ಕೂತರು.

ಗ್ಯಾರೇಜಿನಲ್ಲಿ ಹೀಗೆ ಪಾರಾದ. ಮನೆಯಲ್ಲೂ ಪಾರಾದೆನೆಂದೇ ತಿಳಿದಿದ್ದ. ಮಗಳನ್ನು ಗೌರಿಬಿದನೂರಿಗೆ ಕೊಟ್ಟ ಮೇಲೆ ಮನೆಯಲ್ಲಿದ್ದದ್ದು ಅವನು ಮತ್ತು ಹೆಂಡತಿ ರಾಮಲಕ್ಷ್ಮಮ್ಮ. ಆಕೆಯ ನೂಲಿನ ಚರಕ ಹಿತ್ತಲಿನಲ್ಲಿ ಹಗಲೆಲ್ಲ ಗಡಗಡ ಎನ್ನುತ್ತಿತ್ತು. ಆ ಸದ್ದಿನಲ್ಲಿ ಯಾರೂ ಯಾರ ಮಾತನ್ನೂ ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ, ಕೈ ನೋಡಿ ತಿಳಿದುಕೊಳ್ಳುತ್ತಾರೆ. ಹಾಗಾಗಿ ಹಗಲು ಅನುಮಾನವೇ ಬರಲಿಲ್ಲ. ಸಂಜೆ ಚರಕ ನಿಂತ ಮೇಲೆ ಆಕೆಯ ಬಾಯಿ ಶುರು. ಒಲೆಯ ಕಡೆ ಮುಖ ಮಾಡಿಕೊಂಡು, ಅವತ್ತಿನ ರೇಷ್ಮೆಗೂಡಿನ ಹರಾಜಿನಿಂದ ಹಿಡಿದು ಪಕ್ಕದ ಮನೆಯ ಅನಸೂಯಮ್ಮನ ಸೊಸೆಯವರೆಗೆ ಒಂದೂ ಬಿಡದೆ ಹೇಳುತ್ತಿದ್ದಳು. ಎರ್ರಪ್ಪ ಆಕೆಯ ಬೆನ್ನಿಗೆ ಹೂಂಗುಟ್ಟುತ್ತಿದ್ದ. ಮಾತಿನ ನಡುವೆಯೂ ಹೂಂ, ಮುಗಿದ ಮೇಲೂ ಹೂಂ, ಪ್ರಶ್ನೆ ಕೇಳಿದರೂ ಹೂಂ. ಕೊನೆಗೆ ಹೂಂ ಎಲ್ಲಿ ಹಾಕಬೇಕೆಂದೇ ತಿಳಿಯದೆ ಅದನ್ನೂ ಬಿಟ್ಟ.

ಆ ಬೇಸಿಗೆಯಲ್ಲಿ ರಾಮಲಕ್ಷ್ಮಮ್ಮನ ತಮ್ಮ ಮಂಚೇನಹಳ್ಳಿಯಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಹೊರಡುವಾಗ ಆಕೆ ಕನ್ನಡಿಯ ಮುಂದೆ ನಿಂತು ಏನೋ ಕೇಳಿದಳು. ಎರ್ರಪ್ಪ ಬೆನ್ನು ಹಾಕಿ ಚಪ್ಪಲಿ ಮೆಟ್ಟುತ್ತಿದ್ದವನು ಮೆಟ್ಟಿಕೊಂಡು ಹೊರಟೇ ಹೋದ. ಬಸ್ ಸ್ಟ್ಯಾಂಡಿಗೆ ಆಕೆ ತಡವಾಗಿ ಬಂದಳು. ಮುಖ ಊದಿತ್ತು. ದಾರಿಯುದ್ದಕ್ಕೂ ಮಾತಿಲ್ಲ, ಗೃಹಪ್ರವೇಶದಲ್ಲೂ ಮಾತಿಲ್ಲ. ಅಲ್ಲಿಂದೀಚೆಗೆ ಮನೆಯಲ್ಲೂ ಮಾತು ನಿಂತಿತು. ಮುದ್ದೆ ಬಡಿಸುತ್ತಿದ್ದಳು, ತಟ್ಟೆ ತೆಗೆಯುತ್ತಿದ್ದಳು, ಮಲಗುತ್ತಿದ್ದಳು. ಎರ್ರಪ್ಪ ಏನೆಂದುಕೊಂಡ ಗೊತ್ತೇ? ವಯಸ್ಸಾಯಿತಲ್ಲ, ಬಾಯಿ ತಣ್ಣಗಾಯಿತು ಎಂದುಕೊಂಡ. ಹೂಂಗುಟ್ಟುವ ಕಷ್ಟ ತಪ್ಪಿತೆಂದು ಒಳಗೊಳಗೇ ಹಿಗ್ಗಿದ. ಈ ಗಂಡಸರ ಬುದ್ಧಿಗೆ ಏನು ಹೇಳೋಣ! ಆದರೂ ಸಂಜೆಯ ಹೊತ್ತು ಮನೆ ಯಾಕೋ ಬಿಕೋ ಎನ್ನುತ್ತಿತ್ತು. ಅದೂ ಕಿವಿಯದೇ ಕಾಯಿಲೆ ಇರಬೇಕೆಂದು ಎದ್ದುಹೋಗಿ ಟೀವಿ ಹಾಕುತ್ತಿದ್ದ. ಟೀವಿಯ ಸದ್ದು ಬೀದಿಗೆಲ್ಲ ಕೇಳುತ್ತಿತ್ತು.

ಹೀಗಿರುವಾಗ ಒಂದು ದಿನ ಮೇಲೂರಿನ ಮುನಿವೆಂಕಟಪ್ಪ ತಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರ್ ಕಾರನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದರು. ತೋಟ, ಮನೆ, ಹಿಂಡು ನೆಂಟರಿದ್ದ ದೊಡ್ಡ ಕುಳ. ಆ ಕಾರಿನ ಮೇಲೆ ಅವರಿಗೆ ಮಕ್ಕಳಿಗಿಂತ ಒಂದು ಕೈ ಹೆಚ್ಚಿಗೆ ಪ್ರೀತಿ. ಕಾರು ಎರಡು ದಿನದಿಂದ ಕುಂಟುತ್ತಿತ್ತು.

"ಏಮಪ್ಪಾ ಎರ್ರಪ್ಪ" ಎಂದು ಅವರು ಅವನ ಎದುರಿಗೇ ಬಂದು ನಿಂತು ಗಟ್ಟಿಯಾಗಿ ಶುರುಮಾಡಿದರು. "ಅಲ್ಲಿ ಲೈಟಿನ ಬೋರ್ಡಿನ ಗ್ಯಾರೇಜೋನು ಎಂಜಿನ್ ತಲೆ ಬಿಚ್ಚಬೇಕು ಅಂತಾನೆ. ನಮ್ಮಪ್ಪನ ಕಾಲದಿಂದ ಬಿಚ್ಚಿಲ್ಲ ಇದನ್ನ. ನೀನ್ ಹೇಳು. ನೀನ್ ಬಿಚ್ಚು ಅಂದ್ರೆ ಬಿಚ್ಚಣ, ಬೇಡ ಅಂದ್ರೆ ಬೇಡ. ನಿನ್ ಕಿವಿ ಮಾತೇ ಕೊನೆ ಮಾತು."

ಎರ್ರಪ್ಪನಿಗೆ ಒಳಗೆ ಚಳಿ ಹುಟ್ಟಿತು. ಹೊರಗೆ ಮೀಸೆ ತಿರುವಿದ. "ಕಿವಿ ಯಾಕೆ ಸ್ವಾಮಿ, ಅದಕ್ಕಿಂತ ದೊಡ್ಡದು ಇದೆ, ನೋಡ್ತಾ ಇರಿ" ಎಂದು ಮೀಟರು ತೆಗೆದ. ಟೀ ಅಂಗಡಿಯಿಂದ ನಾಲ್ಕು ಜನ ಲೋಟ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಮುರಳಿಮೋಹನ ಕಂಪ್ರೆಸರ್ ಹಾಕಿದ. ಮೊದಲನೇ ಸಿಲಿಂಡರು ಗಟ್ಟಿ, ಎರಡು ಮುಳ್ಳೂ ಜೋಡಿಯಾಗಿ ನಿಂತವು. ಮುನಿವೆಂಕಟಪ್ಪನವರ ಮುಖ ಅರಳಿತು. ಪೈಪು ತೆಗೆದು, ಬಗ್ಗಿಸಿ, ಎರಡನೇ ಸಿಲಿಂಡರಿಗೆ ತಿರುಗಿಸಿದ. ಗಾಳಿ ಬಿಟ್ಟ ಕೂಡಲೇ ಬಲಗಡೆಯ ಮುಳ್ಳು ಬುಡಕ್ಕೇ ಬಿತ್ತು. ಎಲ್ಲರೂ ಅಯ್ಯೋ ಎಂದರು.

ಎರ್ರಪ್ಪ ಸೈಲೆನ್ಸರಿನ ಹಿಂದೆ ಕೂತು ರೇಷ್ಮೆ ಎಳೆ ಹಿಡಿದ. ಅಲುಗಲಿಲ್ಲ. ಕಾರ್ಬುರೇಟರಿಗೆ ಹಿಡಿದ, ಆಯಿಲಿನ ಬಾಯಿಗೆ ಹಿಡಿದ. ಎಳೆ ಸುಮ್ಮನೆ ತೂಗಿತು. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದ, ನೀರು ನಿಂತ ಕೊಳದ ಹಾಗಿತ್ತು. ಗಾಳಿ ಹೋಗುತ್ತಿದೆ, ಆದರೆ ಎಲ್ಲೂ ಹೋಗುತ್ತಿಲ್ಲ. ಇಂಥದ್ದು ಅವನ ಆಯಸ್ಸಿನಲ್ಲೇ ಕಂಡಿರಲಿಲ್ಲ. ಹಣೆಯ ಬೆವರು ಕಣ್ಣಿಗೆ ಇಳಿಯಿತು.

ಈಗ ಸುತ್ತ ನಿಂತವರ ಪಾಡು ಕೇಳಿ. ಕಂಪ್ರೆಸರ್ ತುಂಬಿ ನಿಂತಿತ್ತು, ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಎರ್ರಪ್ಪನ ಮೂತಿಯ ಮುಂದೆಯೇ, ಅವನ ಸ್ವಂತ ರಬ್ಬರ್ ಪೈಪು ಪ್ಲಗ್ಗಿಗೆ ಸೇರುವ ಬುಡದಲ್ಲಿ, ಹಾವು ಬುಸುಗುಟ್ಟಿದ ಹಾಗೆ ಬುಸ್ಸೆನ್ನುತ್ತಿತ್ತು. ಬಗ್ಗಿಸಿದಾಗ ಹಳೆಯ ಪೈಪು ಅವನಿಗೆ ಕಾಣದ ಆಚೆ ಮಗ್ಗುಲಲ್ಲಿ ಸೀಳಿತ್ತು. ಟೀ ಅಂಗಡಿಯವರಿಗೆ ಕೇಳಿಸುತ್ತಿತ್ತು, ಮುನಿವೆಂಕಟಪ್ಪನವರಿಗೆ ಕೇಳಿಸುತ್ತಿತ್ತು, ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯವನಿಗೂ ಕೇಳಿಸಿರಬೇಕು. ಹೇಳುವವರು ಯಾರು? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುರಳಿಮೋಹನ ಕೆಮ್ಮಿದ. ಇನ್ನೊಬ್ಬ ಟೀ ಮುಗಿದ ಲೋಟವನ್ನೇ ಮತ್ತೆ ಕುಡಿದ.

ಎರ್ರಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಒಳಗೇ ಬಿರುಕು ಬಿಟ್ಟಿದೆ ಸ್ವಾಮಿ. ತಲೆ ಬಿಚ್ಚಲೇಬೇಕು." ಮುನಿವೆಂಕಟಪ್ಪನವರ ಮುಖ ಸಾವಿನ ಮನೆಯಂತಾಯಿತು. ಬುಸುಗುಡುವ ಪೈಪನ್ನು ನೋಡಿದರು, ಎರ್ರಪ್ಪನನ್ನು ನೋಡಿದರು, ಬಾಯಿ ತೆರೆದು ಮುಚ್ಚಿದರು.

ಅಷ್ಟರಲ್ಲಿ ರಾಮಲಕ್ಷ್ಮಮ್ಮ ಕ್ಯಾರಿಯರ್ ಹಿಡಿದುಕೊಂಡು ಬಂದಳು. ಬೆಳಿಗ್ಗೆ ಎರ್ರಪ್ಪ ಹೊರಟಾಗ, ಮಾತು ಬಿಟ್ಟಿದ್ದವಳೂ ತಡೆಯಲಾರದೆ, ಊಟ ಬಿಟ್ಟುಹೋಗ್ತಾ ಇದ್ದೀರ ಎಂದು ಹಿಂದಿನಿಂದ ಕೂಗಿದ್ದಳು, ಅವನು ತಿರುಗಿಯೂ ನೋಡದೆ ನಡೆದಿದ್ದ. ಈಗ ಅವನ ಬೆನ್ನ ಹಿಂದೆ ನಿಂತು, "ಏನ್ರೀ, ಊಟ" ಎಂದಳು. ಉತ್ತರವಿಲ್ಲ. "ಏನ್ರೀ!" ಉತ್ತರವಿಲ್ಲ. ನಾಲ್ಕು ಜನರ ಮುಂದೆ! ಆಕೆಯ ತಾಳ್ಮೆ ಕಟ್ಟೆಯೊಡೆಯಿತು.

"ಮನೇಲಂತೂ ನಾಯಿಗಿಂತ ಕಡೆ ಮಾಡಿದ್ದೀರ. ಇಲ್ಲಿ ಜನದ ಮುಂದೇನೂ ಹಿಂಗೇನಾ? ಹೋಗ್ತೀನಿ ಬಿಡಿ, ಮಗಳ ಮನೇಗೆ ಹೋಗಿ ಬಿದ್ದಿರ್ತೀನಿ. ನಿಮ್ಗೂ ನೆಮ್ಮದಿ, ನಂಗೂ ನೆಮ್ಮದಿ."

ಎರ್ರಪ್ಪ ಅದೇ ಗಂಭೀರ ಮುಖದಲ್ಲಿ ಮುನಿವೆಂಕಟಪ್ಪನವರಿಗೆ ಬಿರುಕಿನ ವಿಷಯ ವಿವರಿಸುತ್ತಿದ್ದ. ಸುತ್ತಲಿನವರ ಕಣ್ಣೆಲ್ಲ ತನ್ನ ಹಿಂದೆ ಹೋದದ್ದು ಅವನ ಗಮನಕ್ಕೂ ಬರಲಿಲ್ಲ. ರಾಮಲಕ್ಷ್ಮಮ್ಮ ಕ್ಯಾರಿಯರನ್ನು ಕಾರಿನ ಮಡ್ಗಾರ್ಡಿನ ಮೇಲೆ ಕುಕ್ಕಿದಳು. ಆಗ ಆಕೆಗೆ ಕೇಳಿಸಿತು.

"ಅದೇನು ಬುಸ್ ಅಂತಿರೋದು?" ಎಂದಳು ಮುರಳಿಮೋಹನನಿಗೆ. ಅವನು ನೆಲ ನೋಡಿದ. ಹಗಲೆಲ್ಲ ಬಿಸಿನೀರು, ಹಬೆ, ಪೈಪುಗಳ ನಡುವೆ ನೂಲು ತೆಗೆಯುವ ಹೆಂಗಸು, ಸೋರುವುದನ್ನು ಕಂಡರೆ ಸುಮ್ಮನಿರುತ್ತಾಳೆಯೇ? ಬಗ್ಗಿ, ಸೆರಗನ್ನು ಮುದ್ದೆ ಮಾಡಿ ಪೈಪಿನ ಬುಡಕ್ಕೆ ಒತ್ತಿ ಮುಷ್ಟಿ ಬಿಗಿದಳು. ಬುಸ್ಸೆನ್ನುವುದು ನಿಂತಿತು. ಬಲಗಡೆಯ ಮುಳ್ಳು ಮೇಲೆದ್ದು ಎಡಗಡೆಯದರ ಹತ್ತಿರಕ್ಕೆ ಹೋಯಿತು.

ಎರ್ರಪ್ಪ ಮುಳ್ಳು ನೋಡಿದ. ಮುಷ್ಟಿ ನೋಡಿದ. ಆಮೇಲೆ ಸುತ್ತ ನಿಂತವರ ಮುಖ ನೋಡಿದ. ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಒಂದು ಸೀಳು ಪೈಪಿನಲ್ಲಿ ಸೋರಿಹೋಯಿತು.

ರಾಮಲಕ್ಷ್ಮಮ್ಮ ಮುಷ್ಟಿ ಬಿಡದೆಯೇ ಅವನ ಮುಖವನ್ನು ನೋಡುತ್ತಿದ್ದಳು. "ಮೂಗಿನ ಕೆಳಗೇ ಇಷ್ಟು ಜೋರಾಗಿ ಹೋಗ್ತಿತ್ತಲ್ರೀ. ಕೇಳಿಸ್ಲಿಲ್ವಾ ನಿಮ್ಗೆ?"

ಸುಳ್ಳು ಹೇಳಲು ಬಾಯಿ ತೆರೆದ. "ಇಲ್ಲ ಕಣೇ" ಎಂದ.

"ನಾನು ಈಗ ಹಿಂದೆ ನಿಂತು ಬಾಯಿಗೆ ಬಂದಂಗೆ ಬೈದ್ನಲ್ಲ?"

"ಬೈದ್ಯಾ?"

"ಬೆಳಿಗ್ಗೆ ಊಟಕ್ಕೆ ಕೂಗಿದ್ದು?"

ಅವನು ತಲೆ ಅಲ್ಲಾಡಿಸಿದ.

"ಅಣ್ಣ, ಬೇಜಾರ್ ಮಾಡ್ಕೋಬೇಡಿ" ಎಂದು ಮುರಳಿಮೋಹನ ಅವನ ಎದುರಿಗೆ ಬಂದು ಕೂಗಿ ಹೇಳಿದ. "ನಮ್ಗೆಲ್ಲ ಯಾವತ್ತೋ ಗೊತ್ತು. ಅದಕ್ಕೇ ಅಲ್ವಾ ಎಲ್ರೂ ಮುಂದೆ ಬಂದು ನಿಂತು ಗಟ್ಟಿಯಾಗಿ ಮಾತಾಡೋದು? ನಿಮ್ ಮನಸ್ಸಿಗೆ ನೋವಾಗುತ್ತೆ ಅಂತ ಸುಮ್ನಿದ್ವಿ."

"ಹೌದಪ್ಪಾ" ಎಂದರು ಮುನಿವೆಂಕಟಪ್ಪ. ತಲೆ ಬಿಚ್ಚುವುದು ತಪ್ಪಿತಲ್ಲ, ಅವರಿಗೆ ಈಗ ಲೋಕವೇ ಒಳ್ಳೆಯದಾಗಿ ಕಾಣುತ್ತಿತ್ತು. "ಹೋದ್ ವರ್ಷ ಕ್ಲಚ್ ಮಾಡ್ಸೋಕೆ ಬಂದಾಗ್ಲೇ ಗೊತ್ತಾಯ್ತು. ಗೊತ್ತಿದ್ದೂ ಬಂದಿಲ್ವಾ ನಾನು? ಬೇರೆ ಪೈಪ್ ಹಾಕಿ ಉಳಿದಿದ್ದು ನೋಡು ನಡಿ." ಆಮೇಲೆ ನೋಡಿದರೆ ಎರಡನೇ ಪ್ಲಗ್ಗಿನ ವೈರು ಒಳಗೇ ತುಂಡಾಗಿತ್ತು, ಕಾರು ಕುಂಟುತ್ತಿದ್ದುದಕ್ಕೆ ಅಷ್ಟೇ ಕಾರಣ. ಆದರೆ ಆ ಹೊತ್ತಿನಲ್ಲಿ ವೈರು ಯಾರಿಗೆ ಬೇಕಿತ್ತು?

"ಊರಿಗೆಲ್ಲ ಗೊತ್ತಿತ್ತಾ?" ಎಂದಳು ರಾಮಲಕ್ಷ್ಮಮ್ಮ. "ನಂಗೊಬ್ಬಳಿಗೇ ಗೊತ್ತಿಲ್ವಾ?" ಪೈಪು ಬಿಟ್ಟು ಅಲ್ಲೇ ಟಯರಿನ ಮೇಲೆ ಕೂತಳು. ಎರ್ರಪ್ಪ ಅಳುತ್ತಾಳೆಂದು ಹೆದರಿದ. ಆಕೆ ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ನೀರು ಬಂದ ಮೇಲೂ ನಗು ನಿಲ್ಲಲಿಲ್ಲ.

"ಅಯ್ಯೋ ದೇವ್ರೇ, ಕಿವುಡಾ? ಬರೀ ಕಿವುಡಾ?" ಎಂದಳು. ಗಂಡ ಕಿವುಡನಾದನೆಂದು ಇಷ್ಟು ಸಂತೋಷಪಟ್ಟ ಹೆಂಗಸು ಆ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಾರಳು.

ಎರ್ರಪ್ಪನಿಗೆ ಸಿಟ್ಟು ಬಂತು. "ನನ್ ಮಾನ ಹೋಗಿದೆ, ನೀನ್ ನಗ್ತೀಯ?"

"ಇನ್ನೇನ್ ಮಾಡ್ಲಿ? ಅಷ್ಟು ದೂರದಲ್ಲಿ ಬರೋ ಗಾಡಿ ಸದ್ದು ಹೇಳೋ ಮನುಷ್ಯ. ಊರೇ ಕಿವಿ ಎರ್ರಪ್ಪ ಅನ್ನುತ್ತೆ. ಅಂಥೋನು ಹೆಂಡ್ತಿ ಕರೆದ್ರೆ ತಿರುಗಿ ನೋಡಲ್ಲ ಅಂದ್ರೆ ನಾನೇನ್ ತಿಳ್ಕೋಬೇಕು? ತಮ್ಮನ ಮನೆಗೆ ಹೊರಟಾಗ ಈ ಸೀರೆ ನಂಗೆ ಒಪ್ಪುತ್ತೇನ್ರೀ ಅಂತ ಕೇಳ್ದೆ. ಬೆನ್ನು ತಿರುಗಿಸ್ಕೊಂಡು ಹೋದ್ರಿ. ಅವತ್ತು ಕನ್ನಡಿ ಮುಂದೆ ಕೂತು ಎಷ್ಟು ಅತ್ತಿದ್ದೀನಿ ಗೊತ್ತಾ?"

ಇಷ್ಟು ಹೇಳುವ ಹೊತ್ತಿಗೆ ಆಕೆಯ ನಗು ಪೂರ್ತಿ ಅಳುವಾಗಿತ್ತು. ಸೆರಗು ಬಾಯಿಗೆ ಹೋಯಿತು. ಸೆರಗಿನ ಒಳಗಿನಿಂದಲೇ ಇನ್ನೂ ಏನೋ ಹೇಳಿದಳು. ಎರ್ರಪ್ಪನಿಗೆ ತುಟಿ ಕಾಣಿಸಲಿಲ್ಲ. ಮುರಳಿಮೋಹನ ಮುಖ ಆಚೆ ತಿರುಗಿಸಿಕೊಂಡದ್ದನ್ನೂ, ಮುನಿವೆಂಕಟಪ್ಪನವರು ಟವೆಲ್ಲಿನಿಂದ ಕಣ್ಣೊರೆಸಿದ್ದನ್ನೂ ನೋಡಿ, ಏನೋ ದೊಡ್ಡ ಮಾತೇ ಇರಬೇಕೆಂದು ತಿಳಿಯಿತು. ಎಂದಿನಂತೆ ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಹೂಂ ಗಂಟಲಿನವರೆಗೂ ಬಂದಿತ್ತು.

ಅವನು ಆಕೆಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ಆಯಿಲ್ ಕೈಯನ್ನು ಅಂಗಿಗೆ ಒರೆಸಿಕೊಂಡು, ಬಾಯಿಗೆ ಒತ್ತಿದ್ದ ಸೆರಗನ್ನು ಮೆಲ್ಲಗೆ ಕೆಳಗಿಳಿಸಿದ. ಆಮೇಲೆ, ಕಿವಿ ಕೈಕೊಟ್ಟ ದಿನದಿಂದ ಒಬ್ಬರ ಹತ್ತಿರವೂ ಆಡಲು ಧೈರ್ಯವಿಲ್ಲದಿದ್ದ ಮಾತನ್ನು, ಅಷ್ಟು ಜನರ ಮುಂದೆ ಆಡಿದ.

"ಕೇಳಿಸ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ರಾಮಲಕ್ಷ್ಮಮ್ಮ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು. ಮೊದಲಿನಿಂದ, ಅವನ ಮುಖ ನೋಡಿಕೊಂಡು, ಈ ಸಲ ಗಟ್ಟಿಯಾಗಿ. ಚಿಂತಾಮಣಿ ರಸ್ತೆಗೆಲ್ಲ ಕೇಳಿಸಿತು.